ಮೇಸ್ತ್ರಿ ಮಗ ಮೇಸನ್ ಆದ ಕತೆ

ತಿಂಗಳಿಗೊಂದು ಶನಿವಾರ ಸಂಜೆ ಕಪ್ಪು ಸೂಟು ಹಾಕಿಕೊಂಡು, ಕೈಯಲ್ಲೊಂದು ತೆಳ್ಳನೆ ಪೆಟ್ಟಿಗೆ ಹಿಡಿದುಕೊಂಡು ನಾನು ಲಾಡ್ಜಿಗೆ ಹೋಗುತ್ತೇನೆ. ಗಾಬರಿಯಾಗಬೇಡಿ, ನೀವಂದುಕೊಂಡ ಲಾಡ್ಜ್ ಅಲ್ಲ. ಆದರೆ ಇದನ್ನು ನಮ್ಮವ್ವನಿಗೆ ಅರ್ಥ ಮಾಡಿಸೋಕೆ ನನಗೆ ಎರಡು ವರ್ಷ ಬೇಕಾಯ್ತು. ಚನ್ನಗಿರಿಯಲ್ಲಿ ಲಾಡ್ಜ್ ಅಂದ್ರೆ ಅಡಿಕೆ ವ್ಯಾಪಾರಕ್ಕೆ ಬಂದವರು ರಾತ್ರಿ ಬಸ್ಸು ತಪ್ಪಿದರೆ ಉಳಿಯುವ ಜಾಗ. "ಬೆಂಗ್ಳೂರಾಗ ಸ್ವಂತ ಮನಿ ಇಟ್ಕಂಡು ತಿಂಗ್ಳಾ ತಿಂಗ್ಳಾ ಲಾಡ್ಜಿಗ್ಯಾಕೆ ಹೋಗ್ತೀಯಪ್ಪ?" ಅಂತ ನನ್ನನ್ನು ಫೋನಿನಲ್ಲಿ ಕೇಳಿದ್ದಲ್ಲದೆ, ನನ್ನ ಹೆಂಡತಿಯ ಹತ್ತಿರ ಬೇರೆ ಗುಟ್ಟಾಗಿ ವಿಚಾರಿಸಿದ್ದಳು. ಹೆಂಡತಿ ನಕ್ಕು, "ಅತ್ತೆ, ಅದು ಗಂಡಸರ ಮಹಿಳಾ ಸಮಾಜ ಅಷ್ಟೆ" ಅಂದಳಂತೆ. ಅದಕ್ಕಿಂತ ಚೆನ್ನಾಗಿ ನಾನೂ ಇವತ್ತಿನವರೆಗೆ ವಿವರಿಸಿಲ್ಲ.

ನಾನು ಹೇಳ್ತಿರೋದು ಫ್ರೀಮೇಸನ್ರಿ ಬಗ್ಗೆ. ಹೆಸರು ಕೇಳಿದ ತಕ್ಷಣ ಕೆಲವರಿಗೆ ಗುಪ್ತ ಸಂಘ, ತಲೆಬುರುಡೆ, ಜಗತ್ತನ್ನೇ ಆಳುವ ಹುನ್ನಾರ, ಡ್ಯಾನ್ ಬ್ರೌನ್ ಕಾದಂಬರಿ ಎಲ್ಲ ನೆನಪಾಗುತ್ತೆ. ಹಿಂದಿ ಸೀಮೆಯಲ್ಲಿ ಮೇಸನ್ನರ ಕಟ್ಟಡಕ್ಕೆ ಜಾದೂಘರ್ ಅಂತಲೇ ಹೆಸರಿತ್ತು. ನಾನು ಒಳಗೆ ಹೋಗಿ ನೋಡಿದವನು. ಜಗತ್ತನ್ನು ಆಳುವುದಿರಲಿ, ಸಭೆ ಮುಗಿದ ಮೇಲಿನ ಊಟಕ್ಕೆ ಚಿಕನ್ನೋ ಪನೀರೋ ಅನ್ನುವುದನ್ನು ತೀರ್ಮಾನಿಸೋಕೂ ನಮಗೆ ಅರ್ಧ ಗಂಟೆ ಬೇಕು. ಕೈ ಸನ್ನೆ, ಗುಟ್ಟಿನ ಮಾತು ಇತ್ಯಾದಿ ಹೇಳುವುದಿಲ್ಲ ಅಂತ ಆಣೆ ಮಾಡಿದ್ದೇನೆ, ಅದನ್ನು ಇಲ್ಲಿ ಬರೆಯಲ್ಲ. (ಗೂಗಲ್ ಮಾಡಿದರೆ ಎಲ್ಲ ಸಿಗುತ್ತೆ ಅನ್ನೋದು ಬೇರೆ ಮಾತು. ಆಣೆ ನನ್ನದು, ಗೂಗಲ್‌ನದಲ್ಲ.)

ಆದರೆ ಈ ಕತೆ ಶುರುವಾಗೋದು ಬೆಂಗಳೂರಿನಲ್ಲಲ್ಲ.

ನಮ್ಮಪ್ಪ ಗಾರೆ ಕೆಲಸದ ಮೇಸ್ತ್ರಿ. ಊರು ಚನ್ನಗಿರಿ. ಕೋಟೆ ಗುಡ್ಡದ ಕೆಳಗೆ ಎರಡು ಅಂಕಣದ ಮನೆ. ನಾನು ಹೈಸ್ಕೂಲಿನಲ್ಲಿದ್ದಾಗ ಚನ್ನಗಿರಿ, ಹೊನ್ನಾಳಿ ಎರಡೂ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ನ್ಯಾಮತಿ ಅಂತೂ ಹೊನ್ನಾಳಿ ತಾಲೂಕಿನ ಒಂದು ಊರು, ಅದು ತಾಲೂಕಾಗಿದ್ದು ತೀರಾ ಈಚೆಗೆ. ಅಪ್ಪನಿಗೆ ಜಿಲ್ಲೆ ತಾಲೂಕುಗಳ ಲೆಕ್ಕವೇ ಇರಲಿಲ್ಲ. ಯಾರಾದರೂ ಹೇಳಿ ಕಳಿಸಿದರೆ ಗೋಣಿಚೀಲದ ಬ್ಯಾಗಿನಲ್ಲಿ ಕರಣೆ, ಮೂಲೆಮಟ್ಟ, ರಸಮಟ್ಟ, ಗುಂಡು, ದಾರದ ಉಂಡೆ ಹಾಕಿಕೊಂಡು ಬಸ್ಸು ಹತ್ತಿಬಿಡೋದು. ಮನೆ ಸಜ್ಜಾ ಮಟ್ಟಕ್ಕೆ ಬರೋವರೆಗೂ ಅಲ್ಲೇ ವಾಸ.

ಬೇಸಿಗೆ ರಜೆಯಲ್ಲಿ ನಾನೂ ಜೊತೆಗೆ. ಗಾರೆ ಕೆಲಸದಲ್ಲೂ ಮೆಟ್ಟಿಲುಗಳಿವೆ ಅಂತ ನಿಮಗೆ ಗೊತ್ತಿರಬಹುದು. ಮೊದಲು ಬಾಂಡ್ಲಿ ಹೊರುವ ಕೂಲಿ. ಆಮೇಲೆ ಗಾರೆ ಕಲಸುವ ಆಳು. ಕಲಸುವುದನ್ನೂ ಸುಲಭ ಅಂತ ತಿಳಿಯಬೇಡಿ, ನೀರು ಒಂದು ಚೊಂಬು ಹೆಚ್ಚಾದರೂ ಮೇಸ್ತ್ರಿ ಬಾಯಿ ಜೋರಾಗುತ್ತೆ. ಆಮೇಲೆ ಮೇಸ್ತ್ರಿಯ ಪಕ್ಕದಲ್ಲಿ ನಿಂತು ಇಟ್ಟಿಗೆ ಕೊಡುವ ಕೈಯಾಳು. ಎಷ್ಟೋ ವರ್ಷ ಆದ ಮೇಲೆ ಒಂದು ದಿನ ಮೇಸ್ತ್ರಿ ತನ್ನ ಕರಣೆಯನ್ನು ಕೊಟ್ಟು "ಈ ಸಾಲು ನೀ ಕಟ್ಟು" ಅಂತಾನೆ. ಅವತ್ತು ನೀವು ಕೆಲಸಗಾರ. ಮೇಸ್ತ್ರಿ ಆಗೋದು ಅದಕ್ಕೂ ಮುಂದೆ. ಅಪ್ಪ ನನಗೆ ಕರಣೆ ಕೊಡಲೇ ಇಲ್ಲ. "ನೀ ಓದು" ಅಂದುಬಿಟ್ಟ.

ಹೊನ್ನಾಳಿಯ ಕೆಲಸ ಅಂದರೆ ನನಗೆ ನೆನಪಾಗೋದು ತುಂಗಭದ್ರೆಯ ಮರಳು, ಮತ್ತು ಒಂದು ಬಟವಾಡೆ. ವಾರದ ಕೊನೆಗೆ ಕೂಲಿ ಕೊಡಬೇಕಾದ ಮನೆ ಯಜಮಾನರು ಊರಲ್ಲೇ ಇರಲಿಲ್ಲ. ಸಂತೆ ದಿನ. ಹೆಣ್ಣಾಳುಗಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾಯ್ತಾ ನಿಂತಿದ್ದರು. ಅಪ್ಪ ತನ್ನ ಅಂಗಿಯ ಒಳಜೇಬಿನಲ್ಲಿದ್ದದ್ದನ್ನೆಲ್ಲ ಅವರಿಗೆ ಹಂಚಿ, ನಾವಿಬ್ಬರೂ ಆ ರಾತ್ರಿ ಮಂಡಕ್ಕಿ ತಿಂದು ಮಲಗಿದೆವು. ಜಗಳೂರಿನಲ್ಲಿ ಇನ್ನೊಂದು ತರಹ. ಬರದ ಸೀಮೆ. ಕಟ್ಟಿದ ಗೋಡೆಗೆ ನೀರುಣಿಸಲು ಎರಡು ಬೀದಿ ಆಚೆಯಿಂದ ಕೊಡ ಹೊರಬೇಕು. ಕುಡಿಯೋ ನೀರಿಗೇ ಸಾಲು ನಿಂತ ಹೆಂಗಸರ ಮುಂದೆ ಗೋಡೆಗೆ ನೀರು ಹಾಕೋಕೆ ನನಗೆ ನಾಚಿಕೆಯಾಗುತ್ತಿತ್ತು. ಅಲ್ಲೇ ನೋಡಿ ನಾನು ಪೈಥಾಗೊರಸನನ್ನು ಮೊದಲು ಕಂಡದ್ದು. ಪಾಯದ ಗುರುತು ಹಾಕುವಾಗ ಅಪ್ಪ ದಾರದಲ್ಲಿ ಮೂರಡಿ ಒಂದು ಕಡೆ, ನಾಲ್ಕಡಿ ಇನ್ನೊಂದು ಕಡೆ ಅಳೆದು, ಎರಡು ತುದಿಗಳ ಮಧ್ಯೆ ಸರಿಯಾಗಿ ಐದಡಿ ಬರುವ ತನಕ ಗೂಟವನ್ನು ಅತ್ತಿತ್ತ ಸರಿಸುತ್ತಿದ್ದ. ಬಂದರೆ ಮೂಲೆ ಮಟ್ಟ ಅಂತ ಲೆಕ್ಕ. ಮೂರನೇ ಕ್ಲಾಸು ದಾಟದ ಮನುಷ್ಯ. ಒಂಬತ್ತನೇ ಕ್ಲಾಸಿನಲ್ಲಿ ಆ ಪ್ರಮೇಯ ಬಂದಾಗ ನಾನು ಮೇಷ್ಟ್ರಿಗೆ "ಇದು ನಮ್ಮಪ್ಪನಿಗೆ ಗೊತ್ತು ಸಾರ್" ಅಂದು ಬೆಂಚಿನ ಮೇಲೆ ನಿಂತಿದ್ದೆ.

ನ್ಯಾಮತಿಯದ್ದು ಬರೆಯಲೇಬೇಕು. ಅಲ್ಲೊಂದು ಮನೆಯ ಪಡಸಾಲೆ ಗೋಡೆ ಆಳುದ್ದಕ್ಕೆ ಬಂದಿತ್ತು. ಬೆಳಿಗ್ಗೆ ಅಪ್ಪ ಗುಂಡು ಬಿಟ್ಟು ನೋಡಿದ. ಗುಂಡು ನೀವು ನೋಡಿರುತ್ತೀರಿ. ದಾರಕ್ಕೆ ಒಂದು ಮರದ ಬಿಲ್ಲೆ, ಕೆಳಗೆ ಅಷ್ಟೇ ಅಗಲದ ಕಬ್ಬಿಣದ ಗುಂಡು. ಬಿಲ್ಲೆಯನ್ನು ಮೇಲೆ ಗೋಡೆಗೆ ಒತ್ತಿ ಹಿಡಿದು ಗುಂಡನ್ನು ಕೆಳಗೆ ಬಿಡಬೇಕು. ಅದು ಗೋಡೆಗೆ ತಾಗಿಯೂ ತಾಗದ ಹಾಗೆ ನಿಂತರೆ ಗೋಡೆ ನೆಟ್ಟಗಿದೆ. ನ್ಯಾಮತಿಯಲ್ಲಿ ಅದು ನಿಂತದ್ದು ಗೋಡೆಯಿಂದ ಅರ್ಧ ಇಂಚು ಆಚೆ. ಹಿಂದಿನ ದಿನ ದಾರ ಹಿಡಿದಿದ್ದವನು ನಾನು, ಜಗ್ಗಿ ಹಿಡಿದಿರಲಿಲ್ಲ. ಅಪ್ಪ ಏನೂ ಬೈಯಲಿಲ್ಲ. ಮೇಲಿನ ಐದು ಸಾಲು ಒಡೆಯೋಕೆ ಶುರು ಮಾಡಿದ. ನನಗೆ ಅಳು ಬಂತು. "ಗಿಲಾವು ಹೊಡೆದ ಮೇಲೆ ಯಾರಿಗೂ ಕಾಣಲ್ಲಪ್ಪಾ" ಅಂದೆ. "ಗುಂಡಿಗೆ ಕಾಣ್ತತಲ್ಲ" ಅಂದ. ಅಷ್ಟೆ. ಆ ದಿನದ ಕೂಲಿ ಯಜಮಾನರ ಹತ್ತಿರ ಅವನು ಕೇಳಲಿಲ್ಲ.

ಈಗ ಬೆಂಗಳೂರು. ಓದಿದೆ, ಬ್ಯಾಂಕಿನಲ್ಲಿ ಕೆಲಸ ಸಿಕ್ತು, ಮದುವೆ, ಸಾಲ, ಫ್ಲ್ಯಾಟು. ಈ ಭಾಗ ನಿಮ್ಮದೂ ನನ್ನದೂ ಒಂದೇ ಇರುತ್ತೆ, ಬಿಡಿ. 2008ರಲ್ಲಿ ನಮ್ಮ ಬ್ಯಾಂಕಿನ ಹಿರಿಯ ಅಧಿಕಾರಿಯೊಬ್ಬರ ಕೋಟಿನ ಮೇಲೆ ಸಣ್ಣದೊಂದು ಪಿನ್ನು ನೋಡಿದೆ. ಮೂಲೆಮಟ್ಟ, ಅದರ ಮೇಲೆ ಕೈವಾರ. "ಇದೇನ್ಸಾರ್, ಗಾರೆ ಕೆಲಸದ ಸಾಮಾನು?" ಅಂತ ಕೇಳಿಬಿಟ್ಟೆ. ಅವರು ನಕ್ಕರು. ಮೇಸನ್ನರು ಯಾರನ್ನೂ ಬನ್ನಿ ಅಂತ ಎಳೆಯಬಾರದು, ನಾವೇ ಕೇಳಬೇಕು ಅನ್ನುವುದು ಅಲ್ಲಿನ ಹಳೇ ಕಟ್ಟಳೆ. ನಾನು ಕೇಳಿದ್ದೆನಲ್ಲ!

ಅವರು ಕೊಟ್ಟ ಪುಸ್ತಕಗಳಿಂದ ಚರಿತ್ರೆ ತಿಳೀತು. ಯುರೋಪಿನಲ್ಲಿ ಇಗರ್ಜಿ ಕಟ್ಟುತ್ತಿದ್ದ ಕಲ್ಲುಕುಟಿಗರಿಗೆ ತಮ್ಮದೇ ಸಂಘಗಳಿದ್ದವು. ಕಾಲಕ್ರಮೇಣ ಕಲ್ಲು ಮುಟ್ಟದ ದೊಡ್ಡ ಮನುಷ್ಯರು ಅದರೊಳಗೆ ಬಂದು ಸೇರಿದರು. 1717ರ ಜೂನ್ 24ರಂದು ಲಂಡನ್ನಿನ ಒಂದು ಹೆಂಡದಂಗಡಿಯಲ್ಲಿ ನಾಲ್ಕು ಲಾಡ್ಜುಗಳು ಸೇರಿ ಗ್ರ್ಯಾಂಡ್ ಲಾಡ್ಜ್ ಮಾಡಿಕೊಂಡವು ಅನ್ನುವುದು ಅವರೇ ಹೇಳಿಕೊಳ್ಳುವ ಚರಿತ್ರೆ. ಕಲ್ಲು ಕಟ್ಟುವುದು ಹೋಯ್ತು. ಉಪಕರಣಗಳು ಮಾತ್ರ ನೀತಿಪಾಠಕ್ಕೆ ಉಳಿದುಕೊಂಡವು. ಕಂಪನಿಯವರ ಜೊತೆ 1730ರ ಹೊತ್ತಿಗೇ ಕಲ್ಕತ್ತೆಗೆ ಬಂತು. ಹಿಂದೂಗಳನ್ನು ಸೇರಿಸಿಕೊಳ್ಳೋಕೆ ಅವರಿಗೆ ಬಹಳ ಕಾಲ ಮನಸ್ಸಿರಲಿಲ್ಲ, ಒಬ್ಬನೇ ದೇವರನ್ನು ನಂಬದವರು ಹೇಗೆ ಆಣೆ ಮಾಡ್ತಾರೆ ಅನ್ನುವ ತಕರಾರು. ಪ್ರಸನ್ನಕುಮಾರ ದತ್ತ ಎಂಬ ಕಲ್ಕತ್ತೆಯ ವ್ಯಾಪಾರಿ ವರ್ಷಗಟ್ಟಲೆ ಹಟ ಹಿಡಿದು 1872ರಲ್ಲಿ ಒಳಗೆ ಹೋದರು. ಅದೇ ಊರಿನಲ್ಲಿ 1884ರ ಫೆಬ್ರವರಿಯಲ್ಲಿ ನರೇಂದ್ರನಾಥ ದತ್ತ ಎಂಬ ಇಪ್ಪತ್ತೊಂದರ ಹುಡುಗ ಸೇರಿದ, ಮೇ ತಿಂಗಳಿಗೆ ಮೂರನೇ ಮೆಟ್ಟಿಲೂ ಹತ್ತಿದ. ಮುಂದೆ ಅವನೇ ವಿವೇಕಾನಂದ. ನಡುವೆ, ಸೇರಿ ವಾರ ಕಳೆಯುವುದರೊಳಗೆ, ಅವನ ತಂದೆ ತೀರಿಕೊಂಡಿದ್ದರು. ಇದನ್ನು ಓದಿದಾಗ ಸುಮ್ಮನೆ ಓದಿದ್ದೆ. ಈಗ ಓದಿದರೆ ಬೇರೆ ತರ ಅನ್ನಿಸುತ್ತೆ. 1961ರ ನವೆಂಬರಿನಲ್ಲಿ ದೆಹಲಿಯಲ್ಲಿ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಆಯ್ತು, ರಾಂಪುರದ ನವಾಬರು ಮೊದಲ ಗ್ರ್ಯಾಂಡ್ ಮಾಸ್ಟರ್. ಅಲ್ಲಿಂದ ಇದು ನಮ್ಮದೇ ಸಂಸ್ಥೆ.

ಅರ್ಜಿ ಹಾಕಿದೆ. ಮೂರು ಜನ ಮನೆಗೆ ಬಂದರು. ಒಬ್ಬರು ಡಾಕ್ಟರು, ಒಬ್ಬರು ನಿವೃತ್ತ ಕರ್ನಲ್, ಇನ್ನೊಬ್ಬರು ನಮ್ಮ ಅಧಿಕಾರಿ. ದೇವರಲ್ಲಿ ನಂಬಿಕೆ ಇದೆಯಾ ಅಂತ ಕೇಳಿದರು. ಇದೆ ಅಂದೆ. ಯಾವ ದೇವರು ಅಂತ ಕೇಳಲಿಲ್ಲ, ಅದು ನನಗೆ ಇಷ್ಟವಾಯ್ತು. ಹೆಂಡತಿಯ ಒಪ್ಪಿಗೆ ಇದೆಯಾ ಅಂತ ಅವಳನ್ನೇ ಕೇಳಿದರು. ಕಾಫಿ ಕುಡಿಯುತ್ತಾ ಕರ್ನಲ್ ಸಾಹೇಬರು ಸುಮ್ಮನೆ ಮಾತಿಗೆ, "ತಂದೆಯವರು ಏನು ಮಾಡ್ತಾರೆ?" ಅಂದರು.

"ಕಂಟ್ರಾಕ್ಟರ್" ಅಂದೆ.

ಯಾಕೆ ಹಾಗಂದೆ? ಆ ಸೋಫಾ, ಆ ಇಂಗ್ಲಿಷು, ಕರ್ನಲ್‌ರ ಮಿರಮಿರ ಶೂ, ಏನೋ ಒಂದು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹೆಂಡತಿ ನನ್ನ ಮುಖ ನೋಡಿ ಒಳಗೆ ಹೋದಳು. ಮೇಸನ್ ಆಗಲಿಕ್ಕೆ ಹೊರಟವನು ತನ್ನಪ್ಪ ಮೇಸನ್ ಅನ್ನೋದನ್ನೇ ಮುಚ್ಚಿಟ್ಟ! ಇದರ ತಮಾಷೆ ನನಗೆ ಆಗ ಹೊಳೆಯಲೂ ಇಲ್ಲ ನೋಡಿ.

ಗುಟ್ಟಿನ ಮತದಾನ ಆಯ್ತು. ಬಿಳಿ ಗೋಲಿ, ಕರಿ ಗೋಲಿ. ಕರಿ ಬಿದ್ದರೆ ಕತೆ ಮುಗೀತು. ನನಗೆ ಎಲ್ಲ ಬಿಳಿ. 2009ರಲ್ಲಿ ದೀಕ್ಷೆಯ ದಿನ ಗೊತ್ತಾಯ್ತು.

ಅಲ್ಲೊಂದು ನಿಯಮ. ಒಳಗೆ ಬರುವವನ ಮೈಮೇಲೆ ಯಾವ ಲೋಹವೂ ಇರಕೂಡದು. ಪರ್ಸು, ವಾಚು, ಉಂಗುರ, ಬೆಲ್ಟಿನ ಬಕಲ್ಲು ಎಲ್ಲ ತೆಗೆಸಿದರು. ಎಡ ಎದೆ ಬರಿಮೈ, ಒಂದು ಮೊಣಕಾಲು ಬರಿ, ಕಣ್ಣಿಗೆ ಬಟ್ಟೆ. ಅಂಗಿ ಸರಿಸಿದಾಗ ನನ್ನ ಎದೆ ಮೇಲೆ ಬೆಳ್ಳಿ ಕರಡಿಗೆ. ಪ್ರಮೋಷನ್ ಆದಾಗ ಮಾಡಿಸಿಕೊಂಡದ್ದು. ಒಳಗೆ ಇಷ್ಟಲಿಂಗ. ನಮ್ಮಲ್ಲಿ ಲಿಂಗ ಮೈಬಿಟ್ಟು ಇರೋ ಹಾಗಿಲ್ಲ. ಅಲ್ಲಿ ಬೆಳ್ಳಿ ಒಳಗೆ ಬರೋ ಹಾಗಿಲ್ಲ. ಸಿದ್ಧ ಮಾಡುತ್ತಿದ್ದ ಹಿರಿಯರು ಮುಜುಗರಪಟ್ಟರು, "ಇರಲಿ ಬಿಡಿ, ಹಾಗೇ ಬನ್ನಿ" ಅಂತಲೂ ಅಂದರು. ನಾನೇ ಬೇಡ ಅಂದೆ. ಕರಡಿಗೆ ತೆಗೆದು, ಲಿಂಗವನ್ನು ಬಿಳಿ ಕರ್ಚೀಫಿನಲ್ಲಿ ಸುತ್ತಿ ದಾರದಿಂದ ಕೊರಳಿಗೆ ಕಟ್ಟಿಕೊಂಡೆ. ಕಟ್ಟಿಕೊಳ್ಳುವಾಗ ಕೈ ನಿಂತಿತು. ಅಪ್ಪ ಜೀವಮಾನವಿಡೀ ಕಟ್ಟಿಕೊಂಡಿದ್ದು ಹೀಗೇ, ಬಟ್ಟೆಯಲ್ಲಿ. ಬೆಳ್ಳಿ ಕರಡಿಗೆಗೆ ಅವನ ಹತ್ತಿರ ಯಾವತ್ತೂ ದುಡ್ಡಿರಲಿಲ್ಲ.

ಒಳಗೆ ನಡೆದದ್ದರಲ್ಲಿ ಒಂದನ್ನು ಹೇಳಿದರೆ ತಪ್ಪಾಗಲಾರದು, ಪುಸ್ತಕಗಳಲ್ಲೇ ಇದೆ. ಒಂದು ಹಂತದಲ್ಲಿ ಹೊಸಬನನ್ನು ಬಡವರಿಗೆ ಏನಾದರೂ ಕೊಡು ಅಂತ ಕೇಳ್ತಾರೆ. ಜೇಬಿಗೆ ಕೈ ಹಾಕಿದರೆ ಏನೂ ಇಲ್ಲ, ಎಲ್ಲ ಹೊರಗೆ ಕಸಿದುಕೊಂಡಿದ್ದಾರಲ್ಲ. ಕೊಡಬೇಕು ಅನ್ನಿಸಿದರೂ ಕೊಡಲಿಕ್ಕೆ ಇಲ್ಲದವನ ಪಾಡು ಹೇಗಿರುತ್ತೆ ಅಂತ ತಿಳಿಸೋಕೆ. ಉಳಿದವರಿಗೆ ಅದು ಪಾಠ. ನನಗೆ ಹೊನ್ನಾಳಿಯ ಮಂಡಕ್ಕಿ ನೆನಪಾಯ್ತು.

ಆಣೆ ಭಗವದ್ಗೀತೆಯ ಮೇಲೆ. ನಮ್ಮ ಲಾಡ್ಜಿನ ಪೀಠದ ಮೇಲೆ ಗೀತೆ, ಕುರಾನು, ಬೈಬಲ್ಲು, ಗುರು ಗ್ರಂಥ ಸಾಹಿಬ್, ಜೆಂದ್ ಅವೆಸ್ತಾ ಎಲ್ಲ ಪಕ್ಕಪಕ್ಕ ಇರುತ್ತವೆ. ಆ ದೃಶ್ಯ ಮಾತ್ರ ಇವತ್ತಿಗೂ ನನಗೆ ಸಂತೋಷ ಕೊಡುತ್ತೆ. ಹಿಂದೂ ಅಂತ ಬರೆದಿದ್ದರಿಂದ ನನ್ನ ಕೈ ಗೀತೆಯ ಮೇಲೆ ಹೋಯ್ತು. ಆಮೇಲೆ ಯಾಕೋ ಕಸಿವಿಸಿ. ಮೂರನೇ ಮೆಟ್ಟಿಲಿಗೆ ಬಂದಾಗ ಕಾರ್ಯದರ್ಶಿಗಳಿಗೆ ವಚನಗಳ ಪುಸ್ತಕ ತರಬಹುದಾ ಅಂತ ಕೇಳಿದೆ. "ನಿಮ್ಮ ಮನಸ್ಸಿಗೆ ಯಾವ ಪುಸ್ತಕದ ಮೇಲೆ ಸುಳ್ಳು ಹೇಳೋಕೆ ಹೆದರಿಕೆಯೋ ಅದನ್ನು ತನ್ನಿ" ಅಂದರು. ತಂದೆ. ಅದರ ಮೇಲೆ ಕೈ ಇಟ್ಟಾಗ "ಕಂಟ್ರಾಕ್ಟರ್" ಅನ್ನುವ ಪದ ಗಂಟಲಿನಲ್ಲಿ ಮುಳ್ಳಿನ ಹಾಗೆ ಕೂತಿತ್ತು.

ಮೆಟ್ಟಿಲುಗಳ ಬಗ್ಗೆ ಹೇಳಬೇಕು. ಮೊದಲನೆಯದರಲ್ಲಿ ನೀವು ಹೊಸ ಆಳು. ಉಪಕರಣ: ಎರಡಡಿ ಅಳತೆಪಟ್ಟಿ, ಸುತ್ತಿಗೆ, ಉಳಿ. ಇಪ್ಪತ್ನಾಲ್ಕು ಇಂಚು ಅಂದರೆ ದಿನದ ಇಪ್ಪತ್ನಾಲ್ಕು ಗಂಟೆ ಅಂತೆ. ಎರಡನೆಯದರಲ್ಲಿ ಕೆಲಸ ಕಲಿತವನು. ಉಪಕರಣ: ಮೂಲೆಮಟ್ಟ, ಮಟ್ಟಗೋಲು, ತೂಗುಗುಂಡು. ಮೂರನೆಯದರಲ್ಲಿ ಮಾಸ್ಟರ್ ಮೇಸನ್. ಪಾಯದ ಗುರುತಿನ ದಾರ, ಪೆನ್ಸಿಲು, ಕೈವಾರ. ಮಾಸ್ಟರ್ ಮೇಸನ್ ಅನ್ನೋದಕ್ಕೆ ಕನ್ನಡ ಹುಡುಕುವ ಕಷ್ಟವೇ ಇಲ್ಲ. ಮೇಸ್ತ್ರಿ! ಆ ಪದವೂ ಮೂಲದಲ್ಲಿ ಪೋರ್ಚುಗೀಸರ ಮೆಸ್ತ್ರೆ, ಅಂದರೆ ಮಾಸ್ಟರ್. ಅಲ್ಲಿಗೆ ಇಂಗ್ಲಿಷಿನ ಸೂಟು ತೊಟ್ಟು ನಾನು ಮೂರು ಮೆಟ್ಟಿಲು ಹತ್ತಿ ತಲುಪಿದ್ದು ಅಪ್ಪ ಲುಂಗಿಯಲ್ಲಿ ನಿಂತಿದ್ದ ಜಾಗಕ್ಕೇ.

ಎರಡನೇ ಮೆಟ್ಟಿಲಿನ ದಿನ ಉಪಕರಣಗಳನ್ನು ವಿವರಿಸಿದ ಹಿರಿಯರು ಒಳ್ಳೆಯ ವಕೀಲರು, ಇಂಗ್ಲಿಷ್ ಪಾಠವನ್ನು ಒಂದಕ್ಷರ ತಪ್ಪದೆ ಬಾಯಿಪಾಠ ಒಪ್ಪಿಸಿದರು. ಕೈಯಲ್ಲಿದ್ದ ಸಣ್ಣ ಬೆಳ್ಳಿ ಗುಂಡು ಮಾತ್ರ ಗಡಿಯಾರದ ಲೋಲಕದ ಹಾಗೆ ಆಡ್ತಾನೇ ಇತ್ತು. ನೆಟ್ಟಗೆ ನಡೆಯಬೇಕು, ನ್ಯಾಯ ತಪ್ಪಬಾರದು ಅಂತ ಹೇಳ್ತಾ ಇದ್ದಾರೆ, ಗುಂಡು ಆ ಕಡೆ ಈ ಕಡೆ. ನನ್ನ ಕೈ ತಾನಾಗಿ ಮುಂದೆ ಹೋಗಿ, ಎರಡು ಬೆರಳಲ್ಲಿ ಮೆಲ್ಲಗೆ ಮುಟ್ಟಿ ನಿಲ್ಲಿಸಿಬಿಟ್ಟಿತು. ಊಟದ ಹೊತ್ತಿಗೆ ಅವರು "ನೀವು ಸಿವಿಲ್ ಎಂಜಿನಿಯರಾ?" ಅಂದರು. "ಅಲ್ಲ ಸಾರ್" ಅಂದೆ. ಇನ್ನೊಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ಆ ದಸರಾ ರಜೆಗೆ ಊರಿಗೆ ಹೋದಾಗ ಏಪ್ರನ್ನು ಒಯ್ದಿದ್ದೆ. ಕುರಿಮರಿಯ ಚರ್ಮದ, ಹಾಲಿನಂಥ ಬಿಳಿ ಏಪ್ರನ್ನು. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಅಷ್ಟು ಹೊತ್ತಿಗೆ ಅವನಿಗೆ ಸಿಮೆಂಟಿನ ಧೂಳು ಎದೆಗೆ ಹೊಕ್ಕು ಕೆಲಸ ಬಿಟ್ಟಾಗಿತ್ತು, ನಾಲ್ಕು ಮಾತಿಗೊಮ್ಮೆ ಕೆಮ್ಮು.

"ಇದನ್ನ ಕಟ್ಕಂಡು ಏನು ಕಟ್ತೀರಿ?"

"ಏನೂ ಕಟ್ಟಲ್ಲಪ್ಪಾ. ಸುಮ್ನೆ ಗುರುತಿಗೆ."

"ಮತ್ತೆ ಗುಂಡು, ಮೂಲೆಮಟ್ಟ ಎಲ್ಲ ಐತಿ ಅಂದಿ?"

"ಅದನ್ನ ನೋಡಿ ಬುದ್ಧಿ ಕಲೀತೀವಿ."

"ಕೂಲಿ ಎಷ್ಟು ಕೊಡ್ತಾರೆ?"

"ನಾವೇ ಕೊಡ್ಬೇಕು. ವರ್ಷಕ್ಕೆ ಚಂದಾ."

ಅಪ್ಪ ಕೆಮ್ಮೋವರೆಗೂ ನಕ್ಕ. ಅವ್ವ ನೀರು ತಂದು ಕೊಡಬೇಕಾಯ್ತು. ನೀರು ಕುಡಿದು, ಕಣ್ಣೊರೆಸಿಕೊಂಡು, "ಅಲ್ಲಲೇ, ನಿಮ್ಮ ಪೈಕಿ ಒಬ್ಬರಿಗಾದ್ರೂ ಗೋಡೆ ಕಟ್ಟಾಕೆ ಬರ್ತತಾ?" ಅಂದ. ಇಲ್ಲ ಅಂದೆ. "ಅವರಿಗೆ ನಾನು ಮೇಸ್ತ್ರಿ ಅಂತ ಹೇಳೀಯಾ?" ಅಂತ ಕೇಳಿದ. ಹೂಂ ಅಂದೆ. ಅದು ಎರಡನೇ ಸುಳ್ಳು. ಅಪ್ಪನ ಮುಖ ಎಷ್ಟು ಅರಳಿತು ಅಂದರೆ, ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ವರ್ಷಕ್ಕೊಮ್ಮೆ ನಮ್ಮಲ್ಲಿ ಮನೆಮಂದಿಯನ್ನೂ ಕರೆಯುವ ಊಟ ಇರುತ್ತೆ. ಕರೆದುಕೊಂಡು ಹೋಗಬಹುದಿತ್ತು. ಬೆಂಗಳೂರಿಗೆ ಆಸ್ಪತ್ರೆಗೆ ಅಂತ ಬಂದಾಗಲೆಲ್ಲ ಅಪ್ಪ ನಮ್ಮನೆಯಲ್ಲೇ ಇರುತ್ತಿದ್ದ. ಒಂದು ಸಲ ಊಟದ ದಿನವೇ ಇದ್ದ. "ನಿನಗೆ ಚಳಿ ಆಗಲ್ಲಪ್ಪ" ಅಂತ ಬಿಟ್ಟು ಹೋದೆ.

ಅಪ್ಪ ತೀರಿಕೊಂಡಿದ್ದು 2014ರ ಜನವರಿ. ಮೂರನೇ ಮೆಟ್ಟಿಲಿನ ವಿಷಯವೇ ಸಾವು. ಅದರಲ್ಲಿ ನಾಟಕದ ಹಾಗೆ ಒಬ್ಬ ಕಟ್ಟಡದ ಮೇಸ್ತ್ರಿಯ ಸಾವು ಬರುತ್ತೆ, ಕತ್ತಲೆ ಇರುತ್ತೆ. ಅವತ್ತು ನಾನು ಬಹಳ ಗಂಭೀರವಾಗಿ ಅನುಭವಿಸಿದ್ದೆ ಅಂದುಕೊಂಡಿದ್ದೆ. ಚನ್ನಗಿರಿಯಲ್ಲಿ ಅಪ್ಪನನ್ನು ಕೂರಿಸಿ ಹೂವು ಹಾಕಿದಾಗ ಗೊತ್ತಾಯ್ತು, ಅದು ನಾಟಕ ಅಂತ. ಗುಣಿ ತೋಡಿದವರು ಅಪ್ಪನ ಜೊತೆ ಕೆಲಸ ಮಾಡಿದವರೇ. ಹೊನ್ನಾಳಿಯಿಂದ, ನ್ಯಾಮತಿಯಿಂದ, ಜಗಳೂರಿನಿಂದ ಬಂದಿದ್ದರು. ಒಬ್ಬ ಗುಣಿಯ ಮೂಲೆಗೆ ಮೂಲೆಮಟ್ಟ ಇಟ್ಟು ನೋಡಿದ. ಯಾರೂ ಹೇಳಿರಲಿಲ್ಲ, ತಾನಾಗಿ ನೋಡಿದ. ಕೆಳಗಿಳಿಸುವ ಮುಂಚೆ ಅಪ್ಪನ ಬಟ್ಟೆ ಬಿಚ್ಚಿ ಲಿಂಗವನ್ನು ಎಡಗೈಯಲ್ಲಿಟ್ಟರು.

ಬೆಂಗಳೂರಿನಿಂದ ಲಾಡ್ಜಿನ ಇಬ್ಬರು ಕಾರು ಮಾಡಿಕೊಂಡು ಬಂದಿದ್ದರು. ನಮ್ಮ ಅಧಿಕಾರಿ, ಮತ್ತೆ ಆ ಕರ್ನಲ್. ನಾನು ಅವರನ್ನು ನೋಡಿ ಗಾಬರಿಯಾದೆ. ಆ ಹೊತ್ತಿನಲ್ಲೂ! ಕರ್ನಲ್ ಸಾಹೇಬರು ನಮ್ಮ ಎರಡಂಕಣದ ಪಡಸಾಲೆಯಲ್ಲಿ ಚಾಪೆ ಮೇಲೆ ಕೂತು, ಗೂಟಕ್ಕೆ ನೇತು ಹಾಕಿದ್ದ ಗೋಣಿಚೀಲದ ಬ್ಯಾಗನ್ನು ನೋಡುತ್ತಿದ್ದರು. ಕರಣೆಯ ಹಿಡಿ ಹೊರಗೆ ಕಾಣಿಸುತ್ತಿತ್ತು. ಏನೂ ಮಾತಾಡಲಿಲ್ಲ. ಅವ್ವನಿಗೆ ಕೈ ಮುಗಿದು ಹೊರಟರು.

ಲಾಡ್ಜಿನಲ್ಲಿ ಮೂರು ಮೆಟ್ಟಿಲು ಆದ ಮೇಲೆ ಹುದ್ದೆಗಳ ಏಣಿ ಬೇರೆ ಇದೆ. ಒಳಬಾಗಿಲು ಕಾಯುವವನು, ಡೀಕನ್ನು, ಜೂನಿಯರ್ ವಾರ್ಡನ್, ಸೀನಿಯರ್ ವಾರ್ಡನ್, ಕೊನೆಗೆ ಮಾಸ್ಟರ್. ಬಾಗಿಲು ಕಾದು, ಓಡಾಡಿ, 2016ರಲ್ಲಿ ನಾನು ಜೂನಿಯರ್ ವಾರ್ಡನ್ ಆದೆ. ಪ್ರತಿ ಹುದ್ದೆಗೂ ಕೊರಳಲ್ಲಿ ಒಂದೊಂದು ಪದಕ. ಮಾಸ್ಟರಿಗೆ ಮೂಲೆಮಟ್ಟ, ಸೀನಿಯರಿಗೆ ಮಟ್ಟಗೋಲು. ಜೂನಿಯರ್ ವಾರ್ಡನ್‌ನ ಪದಕ ತೂಗುಗುಂಡು.

ಅದನ್ನು ನನ್ನ ಕೊರಳಿಗೆ ಹಾಕಿದವರು ಕರ್ನಲ್ ಸಾಹೇಬರೇ. ಪಟ್ಟಿ ಸರಿ ಮಾಡುತ್ತಾ ಕಿವಿಯ ಹತ್ತಿರ, ತಮ್ಮ ಹರಕು ಕನ್ನಡದಲ್ಲಿ ಕೇಳಿದರು. "ನಿಮ್ಮ ಫಾದರ್‌ದು ಗುಂಡು, ಇನ್ನೂ ಇದೆಯಾ?"

ಎರಡು ವರ್ಷದಿಂದ ಅವರಿಗೆ ಗೊತ್ತಿತ್ತು.

ಅವತ್ತು ಊಟಕ್ಕೆ ಕೂತಾಗ ಹೊಸ ವಾರ್ಡನ್ ಎರಡು ಮಾತಾಡುವ ಪದ್ಧತಿ. ಎದ್ದು ನಿಂತೆ. ಬಾಯಿಪಾಠ ಮಾಡಿದ್ದ ಇಂಗ್ಲಿಷು ಬರಲಿಲ್ಲ. ಕನ್ನಡದಲ್ಲೇ ಹೇಳಿದೆ. ನಮ್ಮಪ್ಪ ಕಂಟ್ರಾಕ್ಟರ್ ಅಲ್ಲ, ಗಾರೆ ಮೇಸ್ತ್ರಿ, ಏಳು ವರ್ಷದ ಹಿಂದೆ ನಿಮ್ಮ ಮುಂದೆ ಸುಳ್ಳು ಹೇಳಿದ್ದೆ, ಅವನ ಮುಂದೆ ಇನ್ನೊಂದು ಸುಳ್ಳು ಹೇಳಿದ್ದೆ, ಅವನು ಅದನ್ನು ನಂಬಿಕೊಂಡೇ ಹೋದ ಅಂತ. ನ್ಯಾಮತಿಯ ಗೋಡೆಯ ಕತೆಯನ್ನೂ ಹೇಳಿದೆ. ಕನ್ನಡ ಬಾರದ ಒಂದಿಬ್ಬರಿಗೆ ಪಕ್ಕದವರು ಪಿಸುಗುಟ್ಟಿ ಅನುವಾದ ಮಾಡುತ್ತಿದ್ದರು.

ಸಿನಿಮಾದಲ್ಲಾದರೆ ಈಗ ಎಲ್ಲರೂ ಎದ್ದು ಚಪ್ಪಾಳೆ ತಟ್ಟಬೇಕು. ಹಾಗೇನೂ ಆಗಲಿಲ್ಲ. ಸ್ವಲ್ಪ ಹೊತ್ತು ಚಮಚದ ಸದ್ದೂ ಇರಲಿಲ್ಲ. ಆಮೇಲೆ ಒಬ್ಬರು ಪಲ್ಯ ಈ ಕಡೆ ಕಳಿಸಿ ಅಂದರು. ಹೊರಡುವಾಗ ಒಬ್ಬರು "ಇದನ್ನೆಲ್ಲ ಹೇಳೋ ಅಗತ್ಯ ಇರಲಿಲ್ಲ" ಅಂದರು. ವಕೀಲರು ಮಾತ್ರ ಬಂದು ಕೈ ಹಿಡಿದು, "ಗುಂಡು ನಿಲ್ಲಿಸೋದು ಹೇಗೆ, ನನಗೆ ಹೇಳಿಕೊಡಿ" ಅಂದರು. ತಮಾಷೆಗೆ ಅಂದುಕೊಂಡೆ. ಮುಂದಿನ ತಿಂಗಳು ನಿಜಕ್ಕೂ ಒಂದು ಗುಂಡು ತಂದಿದ್ದರು, ಎಸ್‌ಪಿ ರೋಡಿನಲ್ಲಿ ಕೊಂಡದ್ದು.

2018ರಲ್ಲಿ ಮಾಸ್ಟರ್ ಆದೆ, ಒಂದು ವರ್ಷ ಪೀಠದಲ್ಲಿ ಕೂತೆ, ಇಳಿದೆ. ಇಳಿದವರಿಗೂ ಒಂದು ಪದಕ ಇದೆ. ಮೂಲೆಮಟ್ಟ, ಅದಕ್ಕೆ ನೇತುಬಿದ್ದ ಸಣ್ಣ ಫಲಕದ ಮೇಲೆ ಯೂಕ್ಲಿಡ್ಡನ ನಲವತ್ತೇಳನೇ ಪ್ರಮೇಯದ ಚಿತ್ರ. ಅದೇ ಮೂರು, ನಾಲ್ಕು, ಐದು. ಮೂರನೇ ಕ್ಲಾಸಿನವನು ಜಗಳೂರಿನ ಕೆಮ್ಮಣ್ಣಿನಲ್ಲಿ ಗೂಟ ಸರಿಸುತ್ತಿದ್ದದ್ದು.

ನಾನು ಈಗಲೂ ಲಾಡ್ಜಿಗೆ ಹೋಗುತ್ತೇನೆ. ಅಲ್ಲಿನ ಗೆಳೆತನ ಒಳ್ಳೆಯದು, ದಾನಧರ್ಮ ಸದ್ದಿಲ್ಲದೆ ನಡೆಯುತ್ತೆ, ಧರ್ಮ ರಾಜಕೀಯ ಎರಡನ್ನೂ ಸಭೆಯಲ್ಲಿ ಮಾತಾಡಬಾರದು ಅನ್ನುವ ನಿಯಮ ಈ ಕಾಲಕ್ಕೆ ಬಂಗಾರದಂಥದ್ದು. ಆದರೆ ಕೈಯಲ್ಲಿ ಕರಣೆ ಹಿಡಿದ ಒಬ್ಬನೇ ಒಬ್ಬ ನಮ್ಮ ಲಾಡ್ಜಿನಲ್ಲಿ ಇಲ್ಲ. ತಡೆಯುವ ನಿಯಮ ಯಾವುದೂ ಇಲ್ಲ. ಚಂದಾ ಇದೆ, ಸೂಟು ಇದೆ, ಪುಟಗಟ್ಟಲೆ ಇಂಗ್ಲಿಷು ಬಾಯಿಪಾಠ ಇದೆ, ಅಷ್ಟೇ ಸಾಕಾಗುತ್ತೆ. ಇಂಗ್ಲಿಷ್ ಪಾಠವನ್ನು ಕನ್ನಡಕ್ಕೆ ತರೋಣ ಅಂತ ಒಂದು ಸಲ 'ಗಾರೆ', 'ಕರಣೆ' ಅಂತ ಬರೆಯಲು ಕೂತೆ. ನಾಲ್ಕು ಪುಟ ಆಗಿ ನಿಂತಿದೆ.

ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ಅಪ್ಪನ ಹಳೇ ಕೈಯಾಳು ಸಿಕ್ಕಿದ. ಈಗ ಅವನೇ ಮೇಸ್ತ್ರಿ, ನ್ಯಾಮತಿಯಲ್ಲಿ ಕೆಲಸ. ಅಪ್ಪನ ಬ್ಯಾಗು ನನ್ನ ಹತ್ತಿರ ಬೆಂಗಳೂರಿನಲ್ಲಿದ್ದರೆ ಗುಂಡು ಕೊಡ್ತೀಯಾ ಅಂದ. "ಈಗಿನ ಗುಂಡು ಬಿಲ್ಲೆಗೂ ಗುಂಡಿಗೂ ಅಳತೆ ಕೂಡಲ್ಲ ಅಣ್ಣ, ಮೇಸ್ತ್ರಿದು ಸರಿ ಇತ್ತು." ಆ ಗುಂಡನ್ನು ನಾನು ಏಪ್ರನ್ನಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೆ. ಪೆಟ್ಟಿಗೆ ಜೊತೆಯಲ್ಲೇ ಇತ್ತು. ಒಂದು ಕ್ಷಣ ಕೊಡೋಕೆ ಮನಸ್ಸಾಗಲಿಲ್ಲ, ನಿಜ ಹೇಳ್ತೀನಿ. ಆಮೇಲೆ ತೆಗೆದು ಕೊಟ್ಟೆ. ಅವನು ಅಲ್ಲೇ ನಮ್ಮನೆ ಗೋಡೆಗೆ ಬಿಲ್ಲೆ ಒತ್ತಿ, ಗುಂಡು ಬಿಟ್ಟು, ಒಂದು ಕಣ್ಣು ಮುಚ್ಚಿ ನೋಡಿದ. ಗುಂಡು ನಿಂತಿತು. ದಾರ ಸುತ್ತಿ ಜೇಬಿಗಿಳಿಸಿ, ಬೈಕು ಹತ್ತಿ ಹೋದ. ಮಳೆ ಹಿಡಿಯೋದ್ರೊಳಗೆ ಸಜ್ಜಾ ಮುಗಿಸಬೇಕಂತೆ.